ಕೆನೆ ಕಟ್ಟಿದ ಕೆರೆ

ಅಂತರಘಟ್ಟಮ್ಮನ ಬೆರಳುಗಳಲ್ಲಿ ಉಗುರು ಅನ್ನುವಂಥದ್ದು ಉಳಿದಿರಲಿಲ್ಲ. ಒಂಬತ್ತು ವರ್ಷ, ದಿನಕ್ಕೆ ಎಂಟು ತಾಸು, ಕಾಸ್ಟಿಕ್ ಸೋಡಾ ಬೆರೆಸಿದ ನೀರಿನಲ್ಲಿ ಕೈಯಾಡಿಸಿದರೆ ಯಾರ ಉಗುರು ತಾನೇ ಉಳಿದೀತು? ಬೆರಳ ತುದಿ ಬೆಂದು ಬೆಳ್ಳಗಾಗಿತ್ತು. ಸಂದುಗಳಲ್ಲಿ ಬಿರುಕು. ಮುದ್ದೆ ಮುರಿದು ಸಾರಿಗೆ ಅದ್ದಿದರೆ ಖಾರ ಬಿರುಕಿಗೆ ಇಳಿದು ಕಣ್ಣಲ್ಲಿ ನೀರು ತರಿಸುತ್ತಿತ್ತು. ಹಾಗಾಗಿ ಆಕೆ ಮುದ್ದೆಯನ್ನೂ ಚಮಚದಲ್ಲಿ ಉಣ್ಣುವುದು ಕಲಿತಿದ್ದಳು.

"ನಮ್ಮವ್ವ ಆಫೀಸರ್ ಆಗ್ಯಾಳೆ ನೋಡಜ್ಜಿ, ಚಮಚ ಇಲ್ದೆ ಉಣ್ಣಲ್ಲ," ಎಂದು ಮಗಳು ಕಾವ್ಯಶ್ರೀ ಅಜ್ಜಿಗೆ ಹೇಳಿ ನಗಿಸುತ್ತಿದ್ದಳು. ಬಸವಾಪಟ್ಟಣದಲ್ಲಿ ಪಿಯುಸಿ ಓದುವ ಹುಡುಗಿ. ಬಾಯಿ ಚುರುಕು.

ಅಂತರಘಟ್ಟಮ್ಮ ಎಂಬ ಅಷ್ಟುದ್ದದ ಹೆಸರನ್ನು ಪೂರ್ತಿ ಕರೆಯುವ ವ್ಯವಧಾನ ಯಾರಿಗಿದೆ? ಊರಿನವರ ಬಾಯಲ್ಲಿ ಆಕೆ ಘಟ್ಟಮ್ಮ. ಎರೆಹೊಸೂರಿನ ಎ.ಕೆ. ಕಾಲೋನಿಯವಳು. ಗಂಡ ತೀರಿಕೊಂಡು ಹತ್ತು ವರ್ಷ. ಮನೆಯಲ್ಲಿ ಅತ್ತೆ ಗಾದ್ರಮ್ಮ, ಮಗಳು, ತಾನು. ಮೂರು ಹೆಣ್ಣುಗಳ ಒಲೆ ಉರಿಯುತ್ತಿದ್ದುದು ರುದ್ರಮುನಿಯ ಪ್ಲಾಸ್ಟಿಕ್ ಯೂನಿಟ್ಟಿನ ಕೂಲಿಯಿಂದ.

ಚನ್ನಗಿರಿ ಬಸ್ಸು ಎರೆಹೊಸೂರಿನ ಕೆರೆ ಏರಿ ಹತ್ತುವಾಗ ಎಡಗಡೆ ಒಂದು ತಗಡಿನ ಶೆಡ್ಡು ಕಾಣುತ್ತದೆ. ಅದೇ ಯೂನಿಟ್ಟು. ಅಡಿಕೆ ಮಂಡಿಗಳ ಹರಿದ ಚೀಲ, ತೋಟಗಳ ಹಳೇ ಡ್ರಿಪ್ ಪೈಪು, ಗೊಬ್ಬರದ ಚೀಲ, ಬಿಸಿಲಿಗೆ ಹಪ್ಪಳವಾದ ಟಾರ್ಪಾಲು, ಎಲ್ಲ ಅಲ್ಲಿಗೆ ಬಂದು ಬೀಳುತ್ತವೆ. ಮಿಷನ್ನು ಅವನ್ನು ಚೂರು ಮಾಡುತ್ತದೆ. ಚೂರುಗಳನ್ನು ಮೂರು ತೊಟ್ಟಿಗಳಲ್ಲಿ ಕೈಯಿಂದ ಉಜ್ಜಿ ತೊಳೆಯುವುದು ಕಾಲೋನಿಯ ಹದಿನಾಲ್ಕು ಹೆಂಗಸರು. ತೊಳೆದು ಒಣಗಿಸಿದ್ದನ್ನು ಕರಗಿಸಿ ಕಾಳು ಮಾಡುತ್ತಾರೆ. ಕಾಳು ಶಿವಮೊಗ್ಗದ ಕಡೆಗೆ ಹೋಗಿ ಹೊಸ ಪೈಪಾಗಿ, ಬಕೆಟ್ಟಾಗಿ ಮತ್ತೆ ಅಂಗಡಿಗೆ ಬರುತ್ತದೆ. ಶೆಡ್ಡಿನ ಮುಂದೆ ಹಸಿರು ಬೋರ್ಡಿದೆ. ಅದರ ಮೇಲೆ ಒಂದು ಮರ, ಎರಡು ಹಕ್ಕಿ, "ಪರಿಸರ ಸ್ನೇಹಿ" ಎಂಬ ಬರಹ. ಓದಿದವರಿಗೆ ರುದ್ರಮುನಿಯ ಮೇಲೆ ಗೌರವ ಉಕ್ಕಬೇಕು, ಹಾಗಿದೆ.

ತೊಟ್ಟಿಯಲ್ಲಿ ಚೂರು ಉಜ್ಜುವಾಗ ಒಂದು ಧೂಳು ಎದ್ದು ನೀರಿನ ಮೇಲೆ ತೇಲುತ್ತದೆ. ನೀಲಿ, ಬಿಳಿ, ಹಸಿರು. ರಂಗೋಲಿ ಪುಡಿಯಷ್ಟು ಸಣ್ಣದು, ನಡುನಡುವೆ ಸಾಸಿವೆಯಷ್ಟು ದಪ್ಪದ ಕಾಳುಗಳು. ಅದು ಕರಗಿಸುವ ಮಿಷನ್ನಿಗೆ ಹೋದರೆ ಹೊತ್ತಿಕೊಂಡು ನಾರುತ್ತದೆ. ಹಾಗಾಗಿ ಮೊರದಲ್ಲಿ ಬಳಿದು ತೆಗೆದು ಮೋರಿಗೆ ಚೆಲ್ಲಬೇಕು. ಮೋರಿ ನೇರ ಕೆರೆಗೆ. ಹೆಂಗಸರು ಅದಕ್ಕೆ ಕೆನೆ ಎಂದು ಹೆಸರಿಟ್ಟಿದ್ದರು.

"ಇವತ್ತು ಕೆನೆ ದಪ್ಪಗೆ ಕಟ್ಟೈತೆ ಕಣೆ ಘಟ್ಟಮ್ಮ. ಹೆಪ್ಪು ಹಾಕಿದ್ರೆ ಮೂರು ಮನೆಗೆ ಬೆಣ್ಣೆ ಆಗ್ತೈತೆ," ಎನ್ನುವಳು ಪಕ್ಕದ ತೊಟ್ಟಿಯ ಉಚ್ಚಂಗೆಮ್ಮ.

"ಮೊದ್ಲು ಓನರ್ ಮನೆಗೆ ಕೊಡು. ಅವರೇ ತಾನೆ ಬೆಣ್ಣೆ ತಿನ್ನೋರು."

ಹೀಗೆ ನಗುತ್ತಲೇ ಒಂಬತ್ತು ವರ್ಷ ಅವರು ಆ ಕೆನೆಯನ್ನು ಕೆರೆಗೆ ಬಿಟ್ಟರು. ಅದೇ ಕೆರೆಯಲ್ಲಿ ಬಟ್ಟೆ ಒಗೆದರು, ಮೈ ತೊಳೆದರು, ಎಮ್ಮೆ ಮೀಯಿಸಿದರು. ಕಾಲೋನಿಯ ನಲ್ಲಿಯಲ್ಲಿ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ, ಅದೂ ಕುಡಿಯುವುದಕ್ಕೆ ಸಾಲುವಷ್ಟು. ಉಳಿದದ್ದಕ್ಕೆಲ್ಲ ಕೆರೆಯೇ. ಧೂಳು ಬಿಟ್ಟರೆ ಕೆಟ್ಟದ್ದು ಎಂದು ಗೊತ್ತಿರಲಿಲ್ಲವೇ ಎಂದರೆ, ಗೊತ್ತಿತ್ತು. ಒಮ್ಮೆ ಘಟ್ಟಮ್ಮನೇ ಕೇಳಿದ್ದಳು.

"ಇದನ್ನ ಒಂದು ಗುಂಡಿ ತೋಡಿ ಹಾಕಿದ್ರೆ ಹೆಂಗ್ರೀ?"

"ಗುಂಡಿ ತೋಡಾಕೆ ಜಾಗ ಎಲ್ಲೈತಮ್ಮ? ನಿನ್ ತೊಟ್ಟಿ ನೀನು ನೋಡ್ಕೋ," ಎಂದಿದ್ದ ರುದ್ರಮುನಿ.

ರುದ್ರಮುನಿ ಬೈಯುವ ಮಾಲೀಕನಲ್ಲ. ಬೈಯುವವರನ್ನು ಎದುರಿಸುವುದು ಸುಲಭ. ಈತ ನಗುತ್ತಿದ್ದ. ದೀಪಾವಳಿಗೆ ಎಲ್ಲರಿಗೂ ಒಂದೇ ಬಣ್ಣದ ಪಾಲಿಯೆಸ್ಟರ್ ಸೀರೆ ಕೊಡುತ್ತಿದ್ದ. ಯಾರಾದರೂ ಹೊಸಬಳು "ನಿಮ್ ಯೂನಿಟ್ಟು" ಎಂದರೆ ತಿದ್ದುತ್ತಿದ್ದ.

"ನಿಮ್ದು ಅನ್ಬ್ಯಾಡ್ರಮ್ಮ, ನಮ್ದು ಅನ್ರಿ. ನಾವೆಲ್ಲ ಒಂದೇ ಮನೇರು. ಯಾರು ಬಂದು ಕೇಳಿದ್ರೂ ನಾವು ಅನ್ರಿ. ಓನರ್ರು, ಅವರು, ಇವರು ಅಂತ ಬ್ಯಾರೆ ಮಾಡಬ್ಯಾಡ್ರಿ."

ಹೆಂಗಸರಿಗೆ ಅದು ಇಷ್ಟವಾಗಿತ್ತು. ಹುಟ್ಟಿದಾಗಿನಿಂದ ಎಲ್ಲರಿಂದ ಬೇರೆ ಎನ್ನಿಸಿಕೊಂಡವರಿಗೆ ಯಾರಾದರೂ ನಾವು ಎಂದರೆ ಇಷ್ಟವಾಗದೆ ಇರುತ್ತದೆಯೇ? ನಮ್ಮ ಮಿಷನ್ನು, ನಮ್ಮ ಲಾರಿ, ಈ ವಾರ ನಾವು ಮೂರು ಲೋಡು ಕಳಿಸಿದ್ವಿ. ಬಸ್ಸಿನಲ್ಲಿ ಕೂತರೂ ಹಾಗೆಯೇ ಮಾತಾಡುತ್ತಿದ್ದರು. ಲೋಡಿನ ಲಾಭ ಬಂದಾಗ ಮಾತ್ರ ನಾವು ಇರುತ್ತಿರಲಿಲ್ಲ. ಅದನ್ನು ಯಾರೂ ಆಡಿ ತೋರಿಸಲಿಲ್ಲ.

ಈ ವರ್ಷ ಬೇಸಿಗೆಗೆ ಮುಂಚೆ ಕೆರೆಯಲ್ಲಿ ಮೀನು ಹಿಡಿಯುವ ಜುಂಜಪ್ಪ ಒಂದು ಗೌರಿ ಮೀನಿನ ಹೊಟ್ಟೆ ಸೀಳಿದ. ಒಳಗೆ ನೀಲಿ ಕಾಳು. ಇನ್ನೊಂದನ್ನು ಸೀಳಿದ. ಅದರಲ್ಲೂ ನೀಲಿ ಕಾಳು, ಜೊತೆಗೆ ನೂಲಿನಂಥ ಬಿಳಿ ಎಳೆ. ಆತ ಫೋನಿನಲ್ಲಿ ವಿಡಿಯೋ ಮಾಡಿ ಬಿಟ್ಟ. "ನೋಡ್ರಪ್ಪ, ನಮ್ ಕೆರೆ ಮೀನು ಗೊಬ್ಬರದ ಚೀಲ ತಿಂತಾವೆ" ಎಂಬ ಅವನ ದನಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ದಾಟಿ ಜಗಳೂರಿನವರೆಗೂ ಹೋಯಿತು. ವಾರದಲ್ಲಿ ಆತನ ಮೀನು ಕೊಳ್ಳುವವರಿಲ್ಲದೆ ಆತ ಸವಳಂಗದ ಕಡೆ ಕೂಲಿಗೆ ಹೋದ. ಇನ್ನೊಂದು ವಾರಕ್ಕೆ ಜಿಲ್ಲೆಯಿಂದ ಸಾಹೇಬರೊಬ್ಬರು ಜೀಪಿನಲ್ಲಿ ಬಂದರು.

ಸಾಹೇಬರು ಕೆಟ್ಟವರೇನೂ ಅಲ್ಲ. ಶೂ ಒದ್ದೆಯಾಗದಂತೆ ಮೆಟ್ಟಿಲ ಮೇಲೆ ನಿಂತು ಗಾಜಿನ ಬಾಟಲಿಗೆ ಕೆರೆ ನೀರು ತುಂಬಿಸಿಕೊಂಡರು. ರುದ್ರಮುನಿಯ ಮನೆಯಲ್ಲಿ ಊಟ ಮಾಡಿದರು. ಆಮೇಲೆ ಯೂನಿಟ್ಟಿಗೆ ಬಂದು ಘಟ್ಟಮ್ಮನ ತೊಟ್ಟಿಯ ಹತ್ತಿರ ನಿಂತರು. ಅಂದು ಹೆಂಗಸರ ಕೈಗೆಲ್ಲ ಹೊಸ ಗ್ಲೌಸು ಬಂದಿತ್ತು.

"ಮೇಲೆ ತೇಲ್ತಾ ಇದೆಯಲ್ಲ, ಇದನ್ನ ಏನು ಮಾಡ್ತೀರಮ್ಮ?"

"ಇದು ಕೆನೆ ಸಾರ್. ಕೆರೆಗೆ ಬಿಡ್ತೀವಿ."

ಹಿಂದೆ ನಿಂತಿದ್ದ ರುದ್ರಮುನಿಯ ಮುಖ ಇಳಿಯಿತು. ಘಟ್ಟಮ್ಮನಿಗೆ ಅದು ಕಂಡಿತು. ಆದರೂ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಜುಂಜಪ್ಪನ ಮೀನಿನ ಹೊಟ್ಟೆಯನ್ನು ಆಕೆ ಕಣ್ಣಾರೆ ಕಂಡಿದ್ದಳು.

"ಯಾರು ಬಿಡೋದು?"

"ನಾವೇ ಸಾರ್."

"ನೀವೇ? ಯಾವಾಗ್ಲೋ ಒಮ್ಮೆಯೋ, ದಿನಾಲೂನೋ?"

"ದಿನಾ ಮೂರು ಸಲ ನಾವೇ ಬಿಡ್ತೀವಿ. ಶುರುವಾದಾಗ್ಲಿಂದ."

ರುದ್ರಮುನಿಯ ಮುಖ ಮತ್ತೆ ಅರಳಿತು. ಆಗ ಯಾಕೆಂದು ಆಕೆಗೆ ತಿಳಿಯಲಿಲ್ಲ. ಸಾಹೇಬರು ಬರೆದುಕೊಂಡರು. ಕಾಗದ ಮುಂದೆ ಹಿಡಿದರು. ಸಾಕ್ಷರತೆ ಶಾಲೆಯಲ್ಲಿ ಕಲಿತ ಐದಾರು ಅಕ್ಷರಗಳನ್ನು ಕೂಡಿಸಿ ಘಟ್ಟಮ್ಮ ತನ್ನ ಹೆಸರು ಬರೆದಳು. ಆಕೆಯ ಹಿಂದೆ ಉಚ್ಚಂಗೆಮ್ಮ ಹೆಬ್ಬೆಟ್ಟು ಒತ್ತಿದಳು. ಸೋಡಾ ನೀರಿಗೆ ಸವೆದ ಹೆಬ್ಬೆಟ್ಟು, ಮಸಿ ಹತ್ತಿದರೂ ಗೆರೆ ಮೂಡಲಿಲ್ಲ. ಸಾಹೇಬರು "ಇರಲಿ ಬಿಡಿ" ಎಂದರು.

ಆ ಸಂಜೆ ಘಟ್ಟಮ್ಮನ ಎದೆ ಹಗುರಾಗಿತ್ತು. ಸತ್ಯ ಹೇಳಿದ್ದೇನೆ, ಇನ್ನು ಮೋರಿ ಮುಚ್ಚಿಸುತ್ತಾರೆ ಎಂದುಕೊಂಡಳು.

"ಓನರ್ ಹೆಸ್ರು ಹೇಳ್ಬೇಕಿತ್ತೇನೋ ಕಣೆ," ಎಂದಳು ಉಚ್ಚಂಗೆಮ್ಮ.

"ಅದನ್ನೇನು ಹೇಳೋದು? ಯೂನಿಟ್ಟು ಯಾರ್ದು ಅಂತ ಸಾಹೇಬ್ರಿಗೆ ಗೊತ್ತಿರಲ್ವಾ?"

ತಿಂಗಳ ಮೇಲೆ ಪಂಚಾಯ್ತಿ ಗೋಡೆಗೆ ಒಂದು ಕಾಗದ ಅಂಟಿಸಿದರು. ಕಾವ್ಯಶ್ರೀ ಕಾಲೇಜಿನಿಂದ ಬರುವಾಗ ನೋಡಿ, ಓಡಿಬಂದು ಅವ್ವನನ್ನು ಕರೆದುಕೊಂಡು ಹೋದಳು. ಅಲ್ಲೇ ನಿಂತು ಓದಿದಳು.

"ಎ.ಕೆ. ಕಾಲೋನಿಯ ಮಹಿಳೆಯರು ಪ್ಲಾಸ್ಟಿಕ್ ತ್ಯಾಜ್ಯವನ್ನು ಪ್ರತಿದಿನ ತಾವೇ ಕೆರೆಗೆ ಸುರಿಯುತ್ತಿರುವುದಾಗಿ ಒಪ್ಪಿಕೊಂಡಿರುತ್ತಾರೆ. ಅಲ್ಲದೆ ಸದರಿಯವರು ಪಾಲಿಯೆಸ್ಟರ್ ಬಟ್ಟೆಗಳನ್ನು ಕೆರೆಯಲ್ಲಿ ಒಗೆಯುವುದರಿಂದ ಸೂಕ್ಷ್ಮ ಪ್ಲಾಸ್ಟಿಕ್ ಎಳೆಗಳು ನೀರಿಗೆ ಸೇರಿ ಕೆರೆ ಮಲಿನಗೊಂಡಿರುತ್ತದೆ. ಘಟಕದ ಮಾಲೀಕರು ತನಿಖೆಗೆ ಸಹಕರಿಸಿರುತ್ತಾರೆ. ಸದರಿ ಮಹಿಳೆಯರ ಕೆರೆ ಬಳಕೆಯನ್ನು ನಿರ್ಬಂಧಿಸುವುದು ಸೂಕ್ತ."

"ತಾವೇ ಅಂದ್ರೆ ಯಾರು?" ಘಟ್ಟಮ್ಮ ಕೇಳಿದಳು.

"ನೀವೇ ಕಣವ್ವ. ನೀನು, ಉಚ್ಚಂಗಕ್ಕ, ಎಲ್ರೂ."

"ನಾನು ನಾವು ಅಂದಿದ್ದೆ."

"ಹೂಂನವ್ವ. ನೀನು ನಾವು ಅಂದೆ. ಅವರು ನಿಮ್ಮನ್ನ ಬರ್ಕೊಂಡ್ರು."

ಘಟ್ಟಮ್ಮ ಗೋಡೆ ಹಿಡಿದು ನಿಂತಳು. ಒಂಬತ್ತು ವರ್ಷ ಬಾಯಿತುಂಬ ಆಡಿದ ಒಂದು ಮಾತು. ಅದರೊಳಗಿಂದ ರುದ್ರಮುನಿ ಯಾವಾಗ ಎದ್ದು ಹೋದನೋ ಆಕೆಗೆ ಗೊತ್ತೇ ಆಗಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಆ ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯದೆ ಮಗಳನ್ನೇ ಬೈದಳು. "ಗಟ್ಟಿಯಾಗಿ ಓದಬ್ಯಾಡ, ಎಲ್ರೂ ಕೇಳ್ತಾರೆ."

ಎಲ್ಲರೂ ಅದಾಗಲೇ ಕೇಳಿ ಆಗಿತ್ತು.

ಮರುದಿನ ಗುಡಿಯ ಕಟ್ಟೆಗೆ ಹೆಂಗಸರನ್ನು ಕರೆಸಿದರು. ಊರಿಗೆ ಹಿರಿಯರು ಬೆನಕಪ್ಪನವರು. ಸಣ್ಣ ದನಿಯ ಮನುಷ್ಯ, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ರುದ್ರಮುನಿ ಅವರ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ. ಮನೆಯವರೇ ತಪ್ಪು ಮಾಡಿದಾಗ ಯಜಮಾನ ಕೂರುತ್ತಾನಲ್ಲ, ಹಾಗೆ.

"ನೋಡ್ರಮ್ಮ, ನಾವು ಹಳೇ ಕಾಲದ ಮಾತು ಆಡ್ತಾ ಇಲ್ಲ," ಎಂದರು ಬೆನಕಪ್ಪ. "ಜಾತಿ ಗೀತಿ ನಮ್ಮ ಊರಾಗೆ ಯಾವತ್ತೋ ಹೋಗೈತೆ. ಇದು ಸೈನ್ಸು. ಲ್ಯಾಬಿನಾಗೆ ಟೆಸ್ಟ್ ಮಾಡಿ ಬರ್ದಾರೆ. ನೀವು ಕೆರೆಗೆ ಇಳಿದ್ರೆ ಕೆರೆ ಮಲಿನ ಆಗ್ತೈತೆ."

"ಮೇಲಿನ ಕೇರಿ ಮನೆಮನ್ಯಾಗೂ ವಾಷಿಂಗ್ ಮಿಷನ್ ಐತಲ್ರೀ. ಅವರ ಸೀರೆನೂ ಪಾಲಿಯೆಸ್ಟರೇ. ಆ ನೀರು ಎಲ್ಲಿಗೆ ಹೋಗ್ತೈತೆ?" ಉಚ್ಚಂಗೆಮ್ಮ ಕೇಳಿದಳು.

"ಅದು ಮೋರಿಗೆ ಹೋಗ್ತೈತಮ್ಮ."

"ಮೋರಿ?"

ಮೋರಿ ಎಲ್ಲಿಗೆ ಹೋಗುತ್ತದೆ ಎಂಬುದು ಊರಿನ ನಾಯಿಗೂ ಗೊತ್ತು.

ಘಟ್ಟಮ್ಮ ಎದ್ದು ನಿಂತಳು. "ಕೆನೆ ಚೆಲ್ಲು ಅಂತ ಹೇಳಿದ್ದು ಯಾರು ಅಂತ ನೀವೇ ಕೇಳ್ರಿ ಯಜಮಾನ್ರೇ. ಇಲ್ಲೇ ಕೂತಾರೆ."

ರುದ್ರಮುನಿ ನೊಂದವನ ಹಾಗೆ ನಕ್ಕ. "ನೀನೇ ಸೈನ್ ಮಾಡೀಯಲ್ಲ ಘಟ್ಟಮ್ಮ. ನಾನೇನಾರ ಕೈ ಹಿಡಿದು ಬರೆಸಿದ್ನಾ?"

ಕಟ್ಟೆಯ ಕೆಳಗೆ, ಎಲ್ಲರಿಗಿಂತ ಹಿಂದೆ, ಕೋಲೂರಿಕೊಂಡು ಗಾದ್ರಮ್ಮ ಕೂತಿದ್ದಳು. ಎಂಬತ್ತರ ಹತ್ತಿರದ ಮುದುಕಿ. ಕಿವಿ ಅರ್ಧ ಕೇಳಿಸುತ್ತಿತ್ತು. "ಏನಂತಾರೆ?" ಎಂದು ಮೊಮ್ಮಗಳನ್ನು ಕೇಳಿದಳು.

"ನಮ್ಮಿಂದ ಕೆರೆ ಮಾಲಿನ್ಯ ಆಗ್ತೈತಂತೆ ಅಜ್ಜಿ. ಇಳಿಯಂಗಿಲ್ಲಂತೆ."

"ಮೈಲಿಗೆನಾ?"

"ಮೈಲಿಗೆ ಅಲ್ಲಜ್ಜಿ, ಮಾಲಿನ್ಯ."

"ಅದೇ ತಾನೆ? ನಂಗೆ ಆವಾಗ್ಲೇ ಹೇಳಿದ್ರಲ್ಲ," ಎಂದಳು ಮುದುಕಿ.

ಆಕೆಗೆ ಹೇಳಿದ್ದು ಐವತ್ತು ವರ್ಷದ ಹಿಂದೆ. ಆಗ ಕೇರಿಯವರು ಕೆರೆಯ ಮೆಟ್ಟಿಲು ತುಳಿಯುವಂತಿರಲಿಲ್ಲ. ಏರಿಯ ಕೆಳಗೆ ತೂಬಿನಿಂದ ಸೋರಿ ಹೋಗುವ ಹಳ್ಳದಲ್ಲಿ, ಊರವರ ಎಮ್ಮೆ ಮಲಗೆದ್ದ ನೀರನ್ನು ಮೊಗೆಯಬೇಕಿತ್ತು. ಒಂದು ಬೆಳಿಗ್ಗೆ ಗಾದ್ರಮ್ಮ ಬಸುರಿ ಹೊಟ್ಟೆ ಹೊತ್ತುಕೊಂಡು ಮೆಟ್ಟಿಲು ಇಳಿದಳು. ಕಲ್ಲು ಬಿತ್ತು, ಕೊಡ ಒಡೆಯಿತು. ಮರುದಿನ ಬೇರೆ ಕೊಡ ತಂದಳು. ಅದೂ ಒಡೆಯಿತು. ಮೂರನೇ ದಿನ ಕೇರಿಯ ಅಷ್ಟೂ ಹೆಂಗಸರು ಇಳಿದರು. ಘಟ್ಟಮ್ಮ ಮದುವೆಯಾಗಿ ಬಂದಾಗ ಅತ್ತೆ ಮೊದಲು ತೋರಿಸಿದ್ದು ಅಡುಗೆಮನೆಯನ್ನಲ್ಲ, ಆ ಮೆಟ್ಟಿಲನ್ನು.

ಈಗ ಆ ಮೆಟ್ಟಿಲಿಗೆ ಸರಪಣಿ ಬಿತ್ತು. ಎರಡು ಕಬ್ಬಿಣದ ಕಂಬ, ನಡುವೆ ಸರಪಣಿ, ಒಂದು ಬೀಗ. "ಕೆರೆ ಸಂರಕ್ಷಣೆ. ಅನುಮತಿ ಇಲ್ಲದೆ ಇಳಿಯಬಾರದು" ಎಂಬ ಫಲಕ. ಖರ್ಚು ರುದ್ರಮುನಿಯದು, ಹಾಗಾಗಿ ಬೀಗದ ಕೈಯೂ ಅವನದೇ. ಕೆರೆ ಶುದ್ಧಿಯೆಂದು ಒಂದು ಪೂಜೆಯನ್ನೂ ಮಾಡಿಸಿದ. ಅದಕ್ಕೆ ಬಂದವರೆಲ್ಲ ಪ್ಲಾಸ್ಟಿಕ್ ಲೋಟದಲ್ಲಿ ಪಾನಕ ಕುಡಿದು ಲೋಟವನ್ನು ಅಲ್ಲೇ ಬಿಸಾಕಿ ಹೋದರು. ಮರುದಿನ ಅವನ್ನು ಆಯ್ದು ಯೂನಿಟ್ಟಿಗೆ ತಂದು ಚೂರು ಮಾಡಿದ್ದಾಯಿತು. ಘಟ್ಟಮ್ಮನೇ ಆ ಚೂರು ತೊಳೆದಳು, ಕೆನೆ ಬಳಿದಳು, ಮೋರಿಗೆ ಚೆಲ್ಲಿದಳು. ಯೂನಿಟ್ಟಿಗೆ ಯಾರೂ ಬೀಗ ಹಾಕಿರಲಿಲ್ಲ. ಕೆಲಸ ಬಿಟ್ಟರೆ ಹೊಟ್ಟೆಗೇನು ಎಂದು ಆಕೆಗೂ ಗೊತ್ತಿರಲಿಲ್ಲ. ಮೊರ ಎತ್ತುವಾಗಲೆಲ್ಲ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಕಾಲೋನಿಯ ಹೆಂಗಸರು ಕೊಡ ಹಿಡಿದು ಮತ್ತೆ ತೂಬಿನ ಹಳ್ಳಕ್ಕೆ ಇಳಿದರು. ಅಲ್ಲಿಗೆ ಬರುವುದೂ ಕೆರೆ ನೀರೇ, ಕೆನೆಯೂ ಬರುತ್ತಿತ್ತು. ಮೊದಲ ದಿನ ಘಟ್ಟಮ್ಮ ಆ ನೀರು ಕಾಯಿಸಿ ಅತ್ತೆಯ ಸ್ನಾನಕ್ಕೆ ಇಟ್ಟಳು. ಮುದುಕಿ ಹಂಡೆಯ ಹತ್ತಿರ ಬಂದು ನಿಂತಳು.

"ಎಲ್ಲಿಂದು ನೀರು?"

"ತೂಬಿಂದು ಅತ್ತೆ."

"ಚೆಲ್ಲು."

"ಅತ್ತೆ, ಹಟ ಮಾಡಬ್ಯಾಡ. ಬ್ಯಾರೆ ನೀರು ಎಲ್ಲೈತೆ?"

"ನಾನು ಸತ್ರೂ ಆ ನೀರು ನನ್ ಮೈ ಮ್ಯಾಲೆ ಹುಯ್ಯಬ್ಯಾಡ. ಮೆಟ್ಲು ಇಳಿದು ತಂದ್ರೆ ಹುಯ್ಯಿ, ಇಲ್ಲಾಂದ್ರೆ ಹಿಂಗೇ ಇರ್ತೀನಿ."

ಹಾಗೆಯೇ ಇದ್ದಳು. ಬೇಸಿಗೆಯ ಸೆಕೆಯಲ್ಲಿ ಹನ್ನೊಂದು ದಿನ ಮೈಗೆ ನೀರು ಸೋಕಿಸಲಿಲ್ಲ. ಕುತ್ತಿಗೆಯಲ್ಲಿ ಬೆವರುಸಾಲೆ ಎದ್ದು ಕೆಂಪಾಯಿತು. ಕುಡಿಯುವ ನಲ್ಲಿ ನೀರಲ್ಲಿ ಬಟ್ಟೆ ಅದ್ದಿ ಒರೆಸಲು ಹೋದರೆ ಘಟ್ಟಮ್ಮನ ಕೈ ತಳ್ಳಿದಳು. ಬಿರುಕುಬಿಟ್ಟ ಆ ಕೈಯನ್ನು ತಳ್ಳಿದ ಮೇಲೆ ಮುದುಕಿಯೇ ಅದನ್ನು ಹಿಡಿದುಕೊಂಡು ಅತ್ತಳು. ಕೂಲಿ ಕೈತಪ್ಪಿ ಹೋಗುವುದು ಒಂದು ಕಷ್ಟ. ಅತ್ತೆ ಹೊಟ್ಟೆಯಲ್ಲಿ ಮಗುವಿಟ್ಟುಕೊಂಡು ಗೆದ್ದದ್ದನ್ನು ತಾನೊಂದು ಮಾತಿಗೆ ಕಳೆದೆನಲ್ಲ ಎಂಬುದು ಬೇರೆಯೇ ಕಷ್ಟ. ಅದು ನಿದ್ದೆಗೂ ಬಿಡಲಿಲ್ಲ, ಉಣ್ಣಲೂ ಬಿಡಲಿಲ್ಲ.

ಹನ್ನೆರಡನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಯೂನಿಟ್ಟಿನ ತೊಟ್ಟಿಗಳಿಗೆ ನೀರು ಬರುವುದು ನಿಂತಿತು. ಮೋಟರು ಹೂಂಕರಿಸುತ್ತಿತ್ತು, ಪೈಪಿನಿಂದ ಗಾಳಿ ಬಿಟ್ಟರೆ ಬೇರೇನಿಲ್ಲ.

ತೊಟ್ಟಿಯ ನೀರೂ ಕೆರೆಯದೇ. ಮೆಟ್ಟಿಲ ಪಕ್ಕದಲ್ಲೇ ಎದೆಮಟ್ಟದ ನೀರಿನಲ್ಲಿ ಪೈಪಿನ ಬಾಯಿ ಇತ್ತು, ಅದಕ್ಕೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಒಂದು ಫುಟ್‌ವಾಲ್ವು, ವಾಲ್ವಿಗೆ ತಂತಿ ಬಿಗಿದ ಬಲೆ. ಕೆರೆಗೆ ಬಿಟ್ಟ ಕೆನೆಯೇ ತಿರುಗಿ ಬಂದು ಆ ಬಲೆಗೆ ಮೆತ್ತಿ ಬಾಯಿ ಕಟ್ಟುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಇಳಿದು, ಬಿಚ್ಚಿ, ಕೆರೆದು ಹಾಕಬೇಕು. ಆ ಕೆಲಸವೂ ಘಟ್ಟಮ್ಮನದೇ ಆಗಿತ್ತು.

ಅಂಗಳದಲ್ಲಿ ಶಿವಮೊಗ್ಗದ ಲಾರಿ ನಿಂತಿತ್ತು. ನಾಳೆಗೆ ಮಾಲು ಹೋಗಲೇಬೇಕು. ರುದ್ರಮುನಿ ಮಿಷನ್ ಓಡಿಸುವ ನಿಂಗರಾಜನನ್ನು ಕರೆದ.

"ನೀನು ಇಳಿದು ವಾಲ್ವು ತೆಗಿಯೋ."

"ನಾನಾ? ಆ ನೀರಾಗೆ ಇಳಿದ್ರೆ ಮೈ ಎಲ್ಲ ತುರಿಕೆ ಏಳ್ತೈತೆ ಸಾರ್. ನನ್ ಕೈಲಾಗಲ್ಲ," ಎಂದ ನಿಂಗರಾಜ.

ರುದ್ರಮುನಿ ಘಟ್ಟಮ್ಮನ ಹತ್ತಿರ ಬಂದು ದನಿ ತಗ್ಗಿಸಿದ. "ಒಂದ್ ಕೆಲಸ ಮಾಡು. ಏರಿ ಆಚೆ ಕಡೆ ಜಾಲಿ ಗಿಡ ಐತಲ್ಲ, ಆ ಮಗ್ಗುಲಿಂದ ಇಳಿದು, ನೀರಾಗೇ ಬಂದು ತೆಗೆದು ಹಾಕಿ ಹೋಗು. ಯಾರೂ ನೋಡಲ್ಲ."

"ಯಾರೂ ನೋಡ್ಲಿಲ್ಲಾಂದ್ರೆ ಕೆರೆ ಮಲಿನ ಆಗಲ್ವೇನ್ರಿ?"

ಹೆಂಗಸರು ಕೈಯೊರೆಸಿಕೊಂಡು ಇತ್ತ ನೋಡಿದರು.

"ಘಟ್ಟಮ್ಮ, ಮಾತು ಬೆಳೆಸಬ್ಯಾಡ. ಕೆಲಸ ಬೇಕೋ ಬ್ಯಾಡೋ?"

ಆಕೆಗೆ ಭಯವಾಯಿತು. ನಿಜವಾಗಿ ಭಯವಾಯಿತು. ಕೆಲಸ ಹೋದರೆ ಮಗಳ ಬಸ್ ಪಾಸು, ಅತ್ತೆಯ ಗುಳಿಗೆ, ಒಲೆ, ಎಲ್ಲ ಕಣ್ಣ ಮುಂದೆ ಬಂದವು. ಆದರೂ ಬಾಯಿ ಬಂತು.

"ಇಳೀತೀನಿ ರೀ. ಮೆಟ್ಲ ಮ್ಯಾಲಿಂದ ಇಳೀತೀನಿ. ಊರು ನೋಡೋ ಹಂಗೆ. ಬೀಗ ನೀವೇ ಬಂದು ತೆಗೀರಿ."

"ನಾನೂ ಅಷ್ಟೇ. ಕಳ್ಳರಂಗೆ ಜಾಲಿಗಿಡದಾಗೆ ನುಸಿಯಾಕೆ ನಾವೇನು ಕದ್ದೀವಾ?" ಎಂದಳು ಉಚ್ಚಂಗೆಮ್ಮ. ಉಳಿದ ಹೆಂಗಸರಲ್ಲಿ ಒಬ್ಬಳೂ ತೊಟ್ಟಿಯ ಕಡೆ ತಿರುಗಲಿಲ್ಲ.

ಲಾರಿ ಡ್ರೈವರ್ ಎರಡು ಸಲ ಹಾರ್ನ್ ಮಾಡಿದ. ರುದ್ರಮುನಿ ಗಡಿಯಾರ ನೋಡಿದ, ಲಾರಿ ನೋಡಿದ, ಜೇಬಿನಿಂದ ಬೀಗದ ಕೈ ತೆಗೆದ.

ನಡುಮಧ್ಯಾಹ್ನ ಕೆರೆ ಏರಿಯ ಮೇಲೆ ಆ ಮೆರವಣಿಗೆ ಹೊರಟಿತು. ಮುಂದೆ ಬೀಗದ ಕೈ ಹಿಡಿದ ಮಾಲೀಕ, ಹಿಂದೆ ಒಂದೇ ಬಣ್ಣದ ಸೀರೆಯ ಹದಿನಾಲ್ಕು ಹೆಂಗಸರು. ಗುಡಿಕಟ್ಟೆಯಲ್ಲಿ ಕೂತಿದ್ದವರು ಎದ್ದರು. ಬೆನಕಪ್ಪನವರೂ ಬಂದರು.

"ಏನಪ್ಪ ಇದು, ಸರಪಣಿ ತೆಗೀತೀಯ?"

"ಇವತ್ತೊಂದ್ ದಿನ ಯಜಮಾನ್ರೇ. ಮೋಟರ್ ಕೆಟ್ಟೈತೆ."

"ಆದ್ರೆ ರಿಪೋರ್ಟಿನಾಗೆ..."

"ಒಂದ್ ಹತ್ತು ನಿಮಿಷ ಅಷ್ಟೇ," ಎಂದು ರುದ್ರಮುನಿ ಬೀಗ ತೆಗೆದ. ಸರಪಣಿ ಕಲ್ಲಿನ ಮೇಲೆ ಬಿದ್ದು ಸದ್ದಾಯಿತು.

ಘಟ್ಟಮ್ಮ ಮೆಟ್ಟಿಲು ಇಳಿದಳು. ನೀರು ಎದೆಗೆ ಬಂತು. ಮುಳುಗಿ, ತಡಕಾಡಿ, ತಂತಿ ಬಿಚ್ಚಿ ವಾಲ್ವನ್ನು ಎತ್ತಿದಳು. ಬಲೆ ಕಾಣಿಸುತ್ತಲೇ ಇರಲಿಲ್ಲ. ನೀಲಿ, ಬಿಳಿ, ಹಸಿರು ಕೆನೆ ಕೈದಪ್ಪ ಮೆತ್ತಿತ್ತು.

"ಕೆರೆದು ಅಲ್ಲೇ ಒಗಿ, ಬೇಗ," ಎಂದ ರುದ್ರಮುನಿ.

ಆಕೆ ಒಗೆಯಲಿಲ್ಲ. ವಾಲ್ವನ್ನು ಹೊತ್ತು ಮೇಲೆ ಬಂದಳು. ಬೆನಕಪ್ಪನವರ ಕಾಲ ಹತ್ತಿರ, ಒಣ ಮೆಟ್ಟಿಲ ಮೇಲೆ ಅದನ್ನು ಇಟ್ಟು, ಕೆನೆಯನ್ನು ಕೈಯಿಂದ ಬಳಿದು ಗುಡ್ಡೆ ಮಾಡಿದಳು.

"ನೋಡ್ರಿ ಯಜಮಾನ್ರೇ. ಇದು ಸೀರೆ ಒಗೆದಿದ್ದಾ? ಹನ್ನೊಂದು ದಿನ ಆತು, ನಮ್ಮೋರು ಯಾರೂ ಕೆರೆಗೆ ಇಳಿದಿಲ್ಲ. ಇದು ಎಲ್ಲಿಂದ ಬಂತು?"

ಬೆನಕಪ್ಪ ಬಗ್ಗಿ ಒಂದು ಚಿಟಿಕೆ ತೆಗೆದುಕೊಂಡರು. ಬೆರಳಲ್ಲಿ ಉಜ್ಜಿದರು. ಅಂಟಿಕೊಂಡಿತು. ಪಂಚೆಗೆ ಒರೆಸಿಕೊಂಡು, ರುದ್ರಮುನಿಯ ಮುಖ ನೋಡಿದರು. ಅವರು ಏನಾದರೂ ಹೇಳುತ್ತಾರೆಂದು ಘಟ್ಟಮ್ಮ ಕಾಯಲಿಲ್ಲ.

"ವಾಲ್ವು ಹಾಕಿ ಮೇಲೆ ಬಾ. ಬೀಗ ಹಾಕ್ಬೇಕು," ಎಂದ ರುದ್ರಮುನಿ. ಈಗ ನಗು ಇರಲಿಲ್ಲ.

"ವಾಲ್ವು ಇಲ್ಲೇ ಇರ್ತೈತೆ. ಕೆನೆ ಕೆರೆಗೆ ಬಿಡಿಸಿದ್ದು ನಾನು, ಇನ್ಮ್ಯಾಲೆ ಬಿಡಿಸಲ್ಲ ಅಂತ ಸಾಹೇಬ್ರಿಗೆ ಬರ್ಕೊಡ್ರಿ. ನಾವು ಅಂತ ಬರೀಬ್ಯಾಡ್ರಿ. ರುದ್ರಮುನಿ ಅಂತ ಬರೀರಿ. ನನ್ ಮಗಳು ಓದಿ ನೋಡ್ತಾಳೆ."

"ನಾಳೆಯಿಂದ ಯೂನಿಟ್ಟಿಗೆ ಕಾಲಿಡಬ್ಯಾಡ."

"ಆತು. ನಾಳೆ ವಾಲ್ವು ಹಾಕಾಕೆ ಯಾರು ಬರ್ತಾರೋ ಕರ್ಕೊಂಡು ಬರ್ರಿ."

ರುದ್ರಮುನಿ ಏರಿಯ ಮೇಲೆ ನಿಂತ ಊರ ಗಂಡಸರ ಕಡೆ ನೋಡಿದ. ಒಬ್ಬರೂ ಮುಂದೆ ಬರಲಿಲ್ಲ. ಆ ನೀರಿಗೆ ಇಳಿಯಲು ಯಾರಿಗೂ ಮನಸ್ಸಿರಲಿಲ್ಲ.

ಉಚ್ಚಂಗೆಮ್ಮ ಇಳಿದು ಬಂದು ಘಟ್ಟಮ್ಮನ ಪಕ್ಕ ಕೂತಳು. ಅವಳ ಹಿಂದೆ ಇನ್ನೊಬ್ಬಳು. ಹದಿನಾಲ್ಕೂ ಜನ ಮೆಟ್ಟಿಲ ತುಂಬ ಕೂತರು.

"ಏಳ್ರಿ ಮೇಲೆ. ಸರಪಣಿ ಹಾಕ್ತೀನಿ," ಎಂದ ರುದ್ರಮುನಿ.

"ಹಾಕ್ಕೊಳ್ರಿ. ನಾವು ಒಳಗೇ ಇರ್ತೀವಿ," ಎಂದಳು ಘಟ್ಟಮ್ಮ.

ಸುದ್ದಿ ಕಾಲೋನಿಗೆ ಮುಟ್ಟಿತ್ತು. ಅಂದು ಕಾಲೇಜಿಗೆ ರಜೆ. ಕಾವ್ಯಶ್ರೀ ಒಂದು ಕೈಯಲ್ಲಿ ಅಜ್ಜಿಯನ್ನು, ಇನ್ನೊಂದರಲ್ಲಿ ಹಿತ್ತಾಳೆ ಚೊಂಬನ್ನು ಹಿಡಿದು ಏರಿ ಹತ್ತಿ ಬಂದಳು. ಬಿದ್ದಿದ್ದ ಸರಪಣಿಯನ್ನು ಗಾದ್ರಮ್ಮ ಕೋಲಿನಿಂದ ಪಕ್ಕಕ್ಕೆ ತಳ್ಳಿದಳು. ಒಂದೊಂದೇ ಮೆಟ್ಟಿಲು ಇಳಿದು, ಸೀರೆ ಉಟ್ಟಂತೆಯೇ ಸೊಂಟಮಟ್ಟ ನೀರಿನಲ್ಲಿ ಕೂತುಕೊಂಡಳು.

"ಹುಯ್ಯಿ," ಎಂದಳು ಸೊಸೆಗೆ.

ಘಟ್ಟಮ್ಮ ಚೊಂಬು ತುಂಬಿಸಿ ನೋಡಿದಳು. ನೀರಿನ ಮೇಲೆ ನೀಲಿ ಪುಡಿ ತೇಲುತ್ತಿತ್ತು. ಊದಿದರೂ ಹೋಗಲಿಲ್ಲ. ಅತ್ತೆ ಕೊಡಕ್ಕೆ ಕೊಡ ಒಡೆಸಿಕೊಂಡು ಗೆದ್ದ ನೀರು ಇದು. ತಾನು ಒಂಬತ್ತು ವರ್ಷ ದಿನಕ್ಕೆ ಮೂರು ಸಲ ವಿಷ ಚೆಲ್ಲಿದ ನೀರೂ ಇದೇ. ಆಕೆಯ ಕೈ ಅಲ್ಲೇ ನಿಂತಿತು.

"ಅತ್ತೆ, ನೀರು ಹೊಲಸಾಗೈತೆ."

"ಗೊತ್ತು, ಹುಯ್ಯೇ. ಹೊಲಸು ಮಾಡಿದೋರು ಮ್ಯಾಲೆ ನಿಂತಾರೆ, ನೋಡ್ಲಿ."

ಘಟ್ಟಮ್ಮ ಹುಯ್ದಳು. ನೀರು ಇಳಿದು ಹೋಯಿತು, ಮುದುಕಿಯ ಬಿಳಿ ಕೂದಲಲ್ಲಿ ನೀಲಿ ಕಾಳುಗಳು ನಿಂತವು. ಉಗುರಿಲ್ಲದ ಬೆರಳುಗಳಿಂದ ಘಟ್ಟಮ್ಮ ಅವನ್ನು ಒಂದೊಂದಾಗಿ ಆರಿಸತೊಡಗಿದಳು. ಜಾರುತ್ತಿದ್ದವು, ಸಿಗುತ್ತಿರಲಿಲ್ಲ. ಕಣ್ಣು ತುಂಬಿ ಬಂದು ಕಾಳು ಯಾವುದು ಕೂದಲು ಯಾವುದು ಕಾಣದಾಯಿತು. ಏರಿಯ ಮೇಲೆ ನಿಂತವರು ನಿಂತೇ ಇದ್ದರು.

"ಆರಿಸಿದ್ದು ಸಾಕು," ಎಂದಳು ಗಾದ್ರಮ್ಮ. "ಇನ್ನೊಂದ್ ಚೊಂಬು ಹುಯ್ಯಿ."